ಆರ್.ಎಚ್. ಕ್ಯಾಂಪಿನಿಂದ ಕಂಪ್ಯೂಟರ್ ಅಂಗಡಿಗೆ

ರಾಯಚೂರಿನಿಂದ ಹೊರಟ ಬಸ್ಸು ಮಾನ್ವಿ ದಾಟಿ ಸಿಂಧನೂರಿನ ಕಡೆ ಸಾಗಿದಂತೆಲ್ಲ ಕಿಟಕಿಯಾಚೆಯ ಹಸಿರು ಹೆಚ್ಚುತ್ತ ಹೋಗುತ್ತದೆ. ಎರೆಭೂಮಿಯ ಜೋಳ, ಹತ್ತಿ ಹಿಂದೆ ಉಳಿದು, ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆಗಳು, ಗದ್ದೆಯ ಬದುವಿನ ಮೇಲೆ ಬೆಳ್ಳಕ್ಕಿಗಳು, ರಸ್ತೆಯ ಪಕ್ಕಕ್ಕೆ ಅಕ್ಕಿ ಗಿರಣಿಗಳ ಚಿಮಣಿಗಳು. ತುಂಗಭದ್ರಾ ಎಡದಂಡೆ ಕಾಲುವೆ ಮಾಡಿದ ಮಾಯೆ ಇದು. 2024ರಲ್ಲಿ ಸಿಂಧನೂರಿಗೆ ರೈಲೂ ಬಂತು. ಹುಬ್ಬಳ್ಳಿ ಕಡೆಯಿಂದ ಬರುವವರಿಗೆ ಅನುಕೂಲವಾಯಿತು. ನಾನು ಮಾತ್ರ ಹಳೆಯ ರೂಢಿಯಂತೆ ಬಸ್ಸನ್ನೇ ಹಿಡಿದಿದ್ದೆ.

ಈ ಸೀಮೆಯಲ್ಲಿ ಅನೇಕ ಊರುಗಳ ಹೆಸರಿನ ಕೊನೆಗೆ ‘ಕ್ಯಾಂಪ್’ ಎಂದಿರುತ್ತದೆ. ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕರಾವಳಿಯಿಂದ ಬಂದ ರೈತರು ಹೂಡಿದ ಬಿಡಾರಗಳೇ ಮುಂದೆ ಊರುಗಳಾದವು. ಆರ್.ಎಚ್. ಕ್ಯಾಂಪಿನ ಕಥೆ ಬೇರೆ. ಅದು ರಿಹ್ಯಾಬಿಲಿಟೇಶನ್ ಕ್ಯಾಂಪ್, ಅಂದರೆ ಪುನರ್ವಸತಿ ಕ್ಯಾಂಪ್. ಅಂದಿನ ಪೂರ್ವ ಪಾಕಿಸ್ತಾನದಿಂದ ಮನೆಮಠ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ 1970ರ ದಶಕದ ಆರಂಭದ ಹೊತ್ತಿಗೆ ಸರಕಾರ ಇಲ್ಲಿ ನೆಲೆ ಕೊಟ್ಟಿತು. ಎರಡನೆಯದು, ಮೂರನೆಯದು ಎಂದು ಕ್ಯಾಂಪುಗಳನ್ನು ಇಂದಿಗೂ ಸಂಖ್ಯೆಯಿಂದಲೇ ಕರೆಯುತ್ತಾರೆ. ಅರ್ಧ ಶತಮಾನ ಕಳೆದಿದೆ. ದುರ್ಗಾಪೂಜೆ ತಪ್ಪಿಲ್ಲ, ಊಟಕ್ಕೆ ಅನ್ನ-ಮೀನು ತಪ್ಪಿಲ್ಲ. ಆದರೆ ಅಂಗಳದಲ್ಲಿ ಆಡುವ ಮಕ್ಕಳು ಜಗಳವಾಡುವುದು ಅಚ್ಚ ರಾಯಚೂರು ಸೀಮೆಯ ಕನ್ನಡದಲ್ಲಿ!

ಬ್ಯಾಂಕಿನ ನೌಕರಿಯಲ್ಲಿದ್ದಾಗ ಕೆಲವು ವರ್ಷ ಸಿಂಧನೂರಿನಲ್ಲಿದ್ದವನು ನಾನು. ಆಗ ಪರಿಚಯವಾದ ಒಂದು ಕುಟುಂಬದ ಹುಡುಗಿ ಈಗ ಸಿಂಧನೂರಿನ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಾಳೆ. “ಸರ್, ಒಂದು ಕಂಪ್ಯೂಟರ್ ತಗೋಬೇಕಂತ ಮಾಡೀವ್ರಿ. ನಮಗೇನೂ ತಿಳಿಯಂಗಿಲ್ಲ. ನೀವು ಒಂದು ದಿನ ಬಂದು ಹೋಗ್ರಿ” ಎಂದು ಫೋನು ಮಾಡಿದ್ದಳು. ನನಗಾದರೂ ಏನು ತಿಳಿಯುತ್ತದೆ? ಒಮ್ಮೆ ಮೋಸಹೋದವನಿಗೆ ಇರುವ ಅನುಭವ, ಅಷ್ಟೆ.

ನನ್ನ 1999ರ ಪೆದ್ದುತನ

ಆ ಪೆದ್ದುತನವನ್ನು ಇಲ್ಲಿ ಹೇಳಿಬಿಡುವುದೇ ಮೇಲು. 1999ರಲ್ಲಿ ಮಗನಿಗೆಂದು ಬ್ಯಾಂಕಿನಲ್ಲೇ ಸಾಲ ಮಾಡಿ ಒಂದು ಕಂಪ್ಯೂಟರ್ ಕೊಂಡೆ. ಅಂಗಡಿಯವನು ಬಾಯಿತುಂಬ ಇಂಗ್ಲಿಷ್ ಮಾತಾಡಿದ. ಅರ್ಥವಾಗಲಿಲ್ಲ ಎನ್ನಲು ನಾಚಿಕೆಯಾಗಿ ಎಲ್ಲದಕ್ಕೂ ತಲೆಯಾಡಿಸಿದೆ. ಇಂಟರ್‌ನೆಟ್ಟಿಗೆ ಬೇಕೆಂದು ಮೋಡೆಮ್ ಸೇರಿಸಿದ. ನಮ್ಮ ಮನೆಗೆ ಆಗ ಟೆಲಿಫೋನೇ ಬಂದಿರಲಿಲ್ಲ. 64 ಎಂಬಿ ಮೆಮೊರಿ ಎಂದಿದ್ದ. ವರ್ಷದ ಮೇಲೆ ರಿಪೇರಿಗೆ ಬಂದ ಹುಡುಗ ಪೆಟ್ಟಿಗೆ ಬಿಚ್ಚಿ, ಒಳಗಿರುವುದು 32 ಎಂದ. ಬಿಲ್ಲು ತೋರಿಸಿ ಕೇಳೋಣವೆಂದರೆ ಬಿಲ್ಲಿನಲ್ಲಿ ಬರೆದದ್ದು ಒಂದೇ ಸಾಲು: ‘ಕಂಪ್ಯೂಟರ್ – 1’.

ಅಂದು ನನಗಿದ್ದ ಕೊರತೆ ಕಂಪ್ಯೂಟರಿನ ಜ್ಞಾನದ್ದಲ್ಲ. ನಮಗೆ ಏನು ಕೆಲಸ ಆಗಬೇಕೆಂದು ಮನೆಯಲ್ಲೇ ಕೂತು ಯೋಚಿಸಿರಲಿಲ್ಲ. ಕೊಟ್ಟದ್ದು ಏನೆಂದು ಓದಿ ನೋಡಿರಲಿಲ್ಲ. ಇವೆರಡಕ್ಕೂ ಎಂಜಿನಿಯರಿಂಗ್ ಓದಬೇಕಾಗಿಲ್ಲ.

ಮೊದಲು ಕೆಲಸದ ಪಟ್ಟಿ

ಕ್ಯಾಂಪಿನ ಆ ಮನೆಯ ಜಗುಲಿಯ ಮೇಲೆ ಹುಡುಗಿಯ ತಾಯಿ ಕಾಂಥಾ ಹೊಲಿಗೆಗೆ ಕೂತಿದ್ದರು. ಹಳೆಯ ಸೀರೆಗಳನ್ನು ಪದರಪದರವಾಗಿ ಜೋಡಿಸಿ, ಸಣ್ಣ ಸಣ್ಣ ಓಟಹೊಲಿಗೆ ಹಾಕಿ ಕೌದಿಯಂತೆ ಮಾಡುವ ಬಂಗಾಳದ ಕಲೆ ಅದು. ಕಂಪ್ಯೂಟರಿಗೆ ಕೂಡಿಟ್ಟದ್ದು ಈ ಹೊಲಿಗೆಯಿಂದ ಎರಡು ವರ್ಷದಲ್ಲಿ ಬಂದ ಹಣ. ತಂದೆ ಬೆಂಗಳೂರಿನಲ್ಲಿ ದುಡಿಯುತ್ತಾರೆ. ಅವರು ಕಳಿಸುವುದು ಮನೆಖರ್ಚಿಗೇ ಸರಿ. ಹಣ ಇನ್ನೊಮ್ಮೆ ಹುಟ್ಟುವುದು ಸುಲಭವಲ್ಲ ಎಂಬುದು ಆ ಮನೆಯ ಎಲ್ಲರಿಗೂ ಗೊತ್ತಿತ್ತು. ನನಗೂ ಕೊಂಚ ಅಳುಕಾಯಿತು.

“ಇದರಾಗ ಏನೇನು ಕೆಲಸ ಮಾಡ್ತಿ, ಬರೀ ನೋಡೋಣ” ಎಂದೆ. ಹುಡುಗಿ ನೋಟುಪುಸ್ತಕದಲ್ಲಿ ಬರೆದಳು: ಟ್ಯಾಲಿ, ಎಕ್ಸೆಲ್, ಕಾಲೇಜಿನ ಅಸೈನ್‌ಮೆಂಟುಗಳ ಟೈಪಿಂಗ್, ಆನ್‌ಲೈನ್ ಪಾಠ, ವಿದ್ಯಾರ್ಥಿವೇತನ ಮತ್ತು ಪರೀಕ್ಷೆಯ ಅರ್ಜಿಗಳು.

ಆ ಐದು ಸಾಲು ಅರ್ಧ ತೀರ್ಮಾನವನ್ನೇ ಕೊಟ್ಟಿತು. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಟ್ಯಾಲಿ ತಂತ್ರಾಂಶ ಕೆಲಸ ಮಾಡುವುದು ವಿಂಡೋಸ್ ಮೇಲೆ. ಹಾಗಾಗಿ ಕಡಿಮೆ ಬೆಲೆಗೆ ಸಿಗುವ ಟ್ಯಾಬ್ಲೆಟ್, ಕ್ರೋಮ್‌ಬುಕ್‌ಗಳು ಪಟ್ಟಿಯಿಂದ ಹೊರಬಿದ್ದವು. ಕಲಿಯುವವರಿಗೆ ಟ್ಯಾಲಿಯಲ್ಲಿ ಹಣವಿಲ್ಲದ ‘ಎಜುಕೇಶನಲ್ ಮೋಡ್’ ಇದೆ, ಆ ಖರ್ಚು ಉಳಿಯಿತು. ಪಟ್ಟಿಯಲ್ಲಿ ಆಟಗಳಿಲ್ಲ, ಸಿನಿಮಾ ಎಡಿಟಿಂಗ್ ಇಲ್ಲ; ಆದ್ದರಿಂದ ದುಬಾರಿ ಗ್ರಾಫಿಕ್ಸ್ ಕಾರ್ಡು ಬೇಡ. ಇನ್ನು ಮೇಜಿನ ಮೇಲಿಡುವ ಡೆಸ್ಕ್‌ಟಾಪೋ, ಲ್ಯಾಪ್‌ಟಾಪೋ? ಅಷ್ಟೇ ಹಣಕ್ಕೆ ಡೆಸ್ಕ್‌ಟಾಪಿನಲ್ಲಿ ಹೆಚ್ಚು ಶಕ್ತಿ ಸಿಗುತ್ತದೆ, ರಿಪೇರಿಯೂ ಸುಲಭ. ಆದರೆ ಕರೆಂಟು ಹೋದಾಗ ಕೆಲಸ ಕೆಡದಿರಲು ಯುಪಿಎಸ್ ಬೇಕು, ಕಾಲೇಜಿಗೆ ಒಯ್ಯಲಾಗದು. ಹುಡುಗಿ ದಿನವೂ ಕ್ಯಾಂಪಿನಿಂದ ಓಡಾಡುವವಳು. ಲ್ಯಾಪ್‌ಟಾಪ್ ಎಂದು ತೀರ್ಮಾನವಾಯಿತು.

‘ದೇವಾನಾಂಪ್ರಿಯ’ನ ಪಾಠ

ಮಧ್ಯಾಹ್ನ ಮೂವರೂ ಸಿಂಧನೂರಿಗೆ ಹೊರಟೆವು. ಮೊದಲನೆಯ ಅಂಗಡಿಯಲ್ಲಿ ಹಳೆಯ ಲ್ಯಾಪ್‌ಟಾಪುಗಳನ್ನು ಒರೆಸಿ, ಸರಿಮಾಡಿ ಸಾಲಾಗಿ ಇಟ್ಟಿದ್ದರು. “ಐ7 ಐತ್ರಿ ಸರ್. ದೊಡ್ಡ ಕಂಪನಿಯಿಂದ ಬಂದ ಮಾಲು. ಹೊಸ ಐ3 ತಗೊಳ್ಳೋ ಬದಲು ಇದನ್ನ ಒಯ್ರಿ, ರೊಕ್ಕಾನೂ ಉಳೀತದ” ಎಂದ ಅಂಗಡಿಯ ಹುಡುಗ. ತಾಯಿಯ ಮುಖ ಅರಳಿತು. ಮೂರಕ್ಕಿಂತ ಏಳು ದೊಡ್ಡದಲ್ಲವೇ? ಬೆಲೆಯೂ ಕಡಿಮೆ.

“ಪೂರ್ತಿ ಹೆಸರು ಏನಪ್ಪಾ?” ಎಂದೆ. ಅವನಿಗೆ ಪ್ರಶ್ನೆ ವಿಚಿತ್ರವೆನಿಸಿರಬೇಕು. ಯಂತ್ರವನ್ನು ಚಾಲೂ ಮಾಡಿಸಿ ಸೆಟ್ಟಿಂಗ್ಸ್, ಅದರೊಳಗೆ ಸಿಸ್ಟಮ್, ಅದರೊಳಗೆ ಅಬೌಟ್ ತೆಗೆಸಿದೆ. ‘ಐ7-6600ಯು’ ಎಂದಿತ್ತು. ಇಂಟೆಲ್ ಕಂಪನಿಯ ಈ ಹೆಸರುಗಳಲ್ಲಿ ಅಡ್ಡಗೆರೆಯ ನಂತರದ ಅಂಕಿಯೇ ಮುಖ್ಯ. 6600ರ ಮೊದಲಂಕಿ 6, ಅಂದರೆ ಆರನೆಯ ತಲೆಮಾರು, 2015ರಲ್ಲಿ ಬಂದದ್ದು. ಅವನು ಹೀಯಾಳಿಸಿದ ಹೊಸ ಐ3ಯ ಪೂರ್ತಿ ಹೆಸರು ‘ಐ3-1215ಯು’. ಅಂಕಿ 1ರಿಂದ ಶುರುವಾದರೆ ಮೊದಲೆರಡನ್ನು ಕೂಡಿಸಿ ಓದಬೇಕು: ಹನ್ನೆರಡನೆಯ ತಲೆಮಾರು. ಆ ಹಳೆಯ ಏಳರಲ್ಲಿ ಇರುವುದು ಎರಡು ಕೋರ್. ಈ ಮೂರರಲ್ಲಿ ಆರು. ಎತ್ತಿನ ಗಾಡಿಗೆ ಹೂಡಿದ ಎತ್ತುಗಳ ಹಾಗೆ ಎಂದುಕೊಳ್ಳಿ. ಏಳು ಎಂಬುದು ಆಯಾ ತಲೆಮಾರಿನೊಳಗಿನ ಪದವಿ ಮಾತ್ರ. ಅಜ್ಜನ ಕಾಲದ ಪೈಲ್ವಾನನನ್ನು ಇಂದಿನ ಹುಡುಗನ ಎದುರು ನಿಲ್ಲಿಸಿದಂತೆ.

ಹುಡುಗಿ ತಟ್ಟನೆ ಹೇಳಿದಳು: “ಸರ್, ಇದು ನಮ್ಮ ಮಸ್ಕಿ ಕಲ್ಲಿನ ಕಥಿ ಆತಲ್ರಿ!”

ನನಗೆ ನಗು ಬಂತು, ಆಶ್ಚರ್ಯವೂ ಆಯಿತು. ಸಿಂಧನೂರಿನಿಂದ ಲಿಂಗಸುಗೂರಿನ ಕಡೆ ಹೋಗುವಾಗ ಸಿಗುವ ಮಸ್ಕಿಗೆ ಅವಳು ಶಾಲೆಯಿಂದ ಪ್ರವಾಸ ಹೋಗಿದ್ದಳಂತೆ. ದೇಶದ ಹಲವು ಕಡೆ ಸಿಕ್ಕ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಷ್ಟೇ ಇತ್ತು. ಆ ಬಿರುದಿನ ಅರಸ ಯಾರೆಂದು ವಿದ್ವಾಂಸರು ತರ್ಕಿಸುತ್ತಿದ್ದರು. ಚಿನ್ನದ ಗಣಿಯ ಶೋಧದಲ್ಲಿದ್ದ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಶಾಸನವನ್ನು ಕಂಡ. ಅದರಲ್ಲಿ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರೂ ಇತ್ತು! ಅಂಗಡಿಯವರು ಹೇಳುವ ಐ5, ಐ7ಗಳೂ ಬಿರುದುಗಳೇ. ಬಿರುದು ಕೇಳಿ ಹಣ ಕೊಡಬಾರದು, ಹೆಸರು ಕೇಳಬೇಕು. 2023ರ ಕೊನೆಯಿಂದ ಇಂಟೆಲ್ ಹೊಸ ಮಾದರಿಗಳಲ್ಲಿ ‘ಐ’ ಅಕ್ಷರವನ್ನು ಬಿಟ್ಟು ‘ಕೋರ್ 5’, ‘ಕೋರ್ ಅಲ್ಟ್ರಾ’ ಎಂದು ಹೆಸರಿಡತೊಡಗಿದೆ. ಎಎಂಡಿ ಕಂಪನಿಯ ರೈಜನ್‌ಗಳಿಗೂ ಬೇರೆಯದೇ ಲೆಕ್ಕವಿದೆ. ಲೆಕ್ಕ ಯಾವುದಾದರೂ ಪೂರ್ತಿ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಬಂದರೆ, ತಿಳಿದವರೊಬ್ಬರನ್ನು ಮನೆಯಿಂದಲೇ ಕೇಳಬಹುದು.

ಆ ಹಳೆಯ ಯಂತ್ರಕ್ಕೆ ಇನ್ನೊಂದು ತೊಡಕಿತ್ತು. ಅದರಲ್ಲಿದ್ದದ್ದು ವಿಂಡೋಸ್ 10. ಅದಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೆಯ ತಲೆಮಾರು ಇಲ್ಲವೇ ಅದರ ಮುಂದಿನದು ಬೇಕು. ಹಳೆಯದನ್ನು ಕೊಳ್ಳುವುದೇ ತಪ್ಪೆಂದಲ್ಲ. ಎಂಟನೆಯ ತಲೆಮಾರಿನ ನಂತರದ್ದು, ಬ್ಯಾಟರಿ ಗಟ್ಟಿಯಿರುವುದು, ಬರವಣಿಗೆಯಲ್ಲಿ ವಾರಂಟಿ ಕೊಡುವವರದು ಸಿಕ್ಕರೆ ಬಡ ವಿದ್ಯಾರ್ಥಿಗೆ ಅದೂ ಒಳ್ಳೆಯ ದಾರಿಯೇ. ಟ್ಯಾಲಿಯ ಹಂಗಿಲ್ಲದವರು ಉಬುಂಟುವಿನಂಥ ಉಚಿತ ತಂತ್ರಾಂಶ ಹಾಕಿಸಿ ಇನ್ನೂ ಹಳೆಯದನ್ನೂ ದುಡಿಸಬಹುದು.

ಬಟ್ಟೆಯ ಹಿಂಬದಿ

ಎರಡನೆಯ ಅಂಗಡಿಯಲ್ಲಿ ಮುಂದಾದವರು ತಾಯಿ. ಹೊಸ ಲ್ಯಾಪ್‌ಟಾಪನ್ನು ಕೈಗೆತ್ತಿಕೊಂಡವರೇ ಮಗುಚಿ ಕೆಳಗಿನ ಚೀಟಿಯನ್ನು ನೋಡತೊಡಗಿದರು. “ಹೊಲಿಗಿ ನೋಡ್ಬೇಕಂದ್ರ ಬಟ್ಟಿ ಹಿಂದ ನೋಡ್ಬೇಕ್ರಿ ಸರ್. ಮುಂದ ಎಲ್ಲರದೂ ಚಂದನ ಇರತದ” ಎಂದರು. ಇಷ್ಟು ಸಣ್ಣ ಮಾತಿನಲ್ಲಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ಹಿಂಬದಿ ನೋಡುತ್ತ ಹೋದೆವು. ರ್‍ಯಾಮ್ 8 ಜಿಬಿ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸಾಕೆಂದು ಕಂಪನಿ ಹೇಳುತ್ತದೆ. ಆದರೆ ಕನಿಷ್ಠ ಕೂಲಿಯಲ್ಲಿ ಸಂಸಾರ ನಡೆದಷ್ಟೇ ಅದೂ ನಡೆಯುವುದು. ಮುಂದೆ ಹೆಚ್ಚಿಸಲು ಒಳಗೆ ಖಾಲಿ ಜಾಗ ಇದೆಯೇ ಎಂದು ಕೇಳಿದೆವು. ಅನೇಕ ತೆಳು ಲ್ಯಾಪ್‌ಟಾಪುಗಳಲ್ಲಿ ರ್‍ಯಾಮನ್ನು ಬೆಸುಗೆ ಹಾಕಿಬಿಟ್ಟಿರುತ್ತಾರೆ, ಆಮೇಲೆ ಏನೂ ಮಾಡುವಂತಿಲ್ಲ. ಇದರಲ್ಲಿ ಜಾಗವಿತ್ತು. ದಾಸ್ತಾನಿಗೆ ಹಳೆಯ ಕಾಲದ ತಿರುಗುವ ಹಾರ್ಡ್ ಡಿಸ್ಕ್ ಅಲ್ಲದೆ ಎಸ್‌ಎಸ್‌ಡಿ ಇತ್ತು, 512 ಜಿಬಿ. ಯಂತ್ರ ಚುರುಕಾಗಿ ಎದ್ದೇಳಲು ಅದೇ ಮುಖ್ಯ ಕಾರಣ. ಪರದೆ 1920×1080 ಚುಕ್ಕೆಗಳದು. ದಿನವಿಡೀ ಎಕ್ಸೆಲ್ ಕಲಿಯುವ ಕಣ್ಣಿಗೆ ಅಷ್ಟು ಬೇಕು. ಹುಡುಗಿ ಕೀಲಿಮಣೆಯ ಮೇಲೆ ಹತ್ತು ಸಾಲು ಟೈಪು ಮಾಡಿಯೂ ನೋಡಿದಳು.

ಅಂಗಡಿಯವರು ಆಂಟಿವೈರಸ್ ಸೇರಿಸಲೇ ಎಂದರು. ವಿಂಡೋಸ್ ಜೊತೆಗೇ ಡಿಫೆಂಡರ್ ಬರುತ್ತದೆ, ಬೇಡವೆಂದೆವು. ಪೆಟ್ಟಿಗೆಯ ಮೇಲೆ ಎಂ.ಎಸ್. ಆಫೀಸ್ ಸೇರಿದೆ ಎಂದು ಬರೆದಿತ್ತು. ಇಲ್ಲದಿದ್ದರೂ ಲಿಬ್ರೆಆಫೀಸ್ ಉಚಿತವಾಗಿ ಸಿಗುತ್ತಿತ್ತು. ಎಲ್ಲ ಮುಗಿದ ಮೇಲೆ, ಕಟ್ಟಕಡೆಗೆ, ಬೆಲೆ ಕೇಳಿದೆವು. ಮನೆಯಲ್ಲಿ ಗೊತ್ತುಮಾಡಿಕೊಂಡಿದ್ದ ಮೊತ್ತದೊಳಗೇ ಇತ್ತು. ಉಳಿದದ್ದನ್ನು ತಾಯಿ ಸೆರಗಿನ ಗಂಟಿಗೆ ಸೇರಿಸಿದರು.

ಸಂಜೆ ಕ್ಯಾಂಪಿಗೆ ಮರಳಿದಾಗ ಮನೆಯ ತುಂಬ ನೆರೆಹೊರೆಯ ಮಕ್ಕಳು. ಹುಡುಗಿ ವಿಂಡೋಸಿನಲ್ಲಿ ಕನ್ನಡ, ಬಂಗಾಳಿ ಎರಡನ್ನೂ ಸೇರಿಸಿಕೊಂಡಳು. ಎರಡೂ ಲಿಪಿಗಳಿಗೆ ಯೂನಿಕೋಡ್‌ನಲ್ಲಿ 1991ರಿಂದಲೂ ಜಾಗವಿದೆ. ಒಂದೊಂದು ಅಕ್ಷರಶೈಲಿಗೆ ಒಂದೊಂದು ತಂತ್ರಾಂಶ ಹುಡುಕುತ್ತ ನಾವು ಪಟ್ಟ ಪಾಡು ಅವಳಿಗಿಲ್ಲ. ಒಂದು ಸಾಲಿನಲ್ಲಿ ತನ್ನ ಹೆಸರನ್ನು ಕನ್ನಡದಲ್ಲಿ ಬರೆದಳು. ಅದರ ಕೆಳಗೆ ಅಜ್ಜಿಯ ಹೆಸರನ್ನು ಬಂಗಾಳಿಯಲ್ಲಿ ಬರೆದು, “ಠಾಕುಮಾ, ನೋಡು” ಎಂದು ಯಂತ್ರವನ್ನು ಅವರತ್ತ ತಿರುಗಿಸಿದಳು.

ಅಜ್ಜಿ ತನ್ನ ಹೆಸರನ್ನು ನಿಧಾನವಾಗಿ ಓದಿಕೊಂಡರು. ಆಮೇಲೆ ಬಂಗಾಳಿಯಲ್ಲಿ ಏನೋ ಕೇಳಿದರು. ಹುಡುಗಿ ನಗುತ್ತ ನನಗೆ ತಿಳಿಸಿದಳು: “ಕಾಗದ ಕೊಟ್ಟಾರೇನು ಅಂತ ಕೇಳ್ತಾಳ್ರಿ.”

ಕೊಟ್ಟಿದ್ದರು. ಅಂಗಡಿಯ ಜಿಎಸ್‌ಟಿ ಸಂಖ್ಯೆ, ಶೇಕಡಾ 18ರ ತೆರಿಗೆ, ಮಾದರಿಯ ಪೂರ್ತಿ ಹೆಸರು, ಯಂತ್ರದ ಕ್ರಮಸಂಖ್ಯೆ ಎಲ್ಲವೂ ಇದ್ದ ಬಿಲ್ಲು. ವಾರಂಟಿಗೂ, ನಾಳೆ ತಕರಾರು ಬಂದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡುವುದಕ್ಕೂ ಅದೇ ಆಧಾರ. ಕ್ರಮಸಂಖ್ಯೆಯನ್ನು ನಾನು ಅಂಗಡಿಯಲ್ಲೇ ಯಂತ್ರದ ಚೀಟಿಯೊಂದಿಗೆ ತಾಳೆ ನೋಡಿದ್ದೆ. 1999ರ ಆ ಒಂದು ಸಾಲಿನ ಬಿಲ್ಲು ಕಲಿಸಿದ ಪಾಠ ಅದು.

ಅಜ್ಜಿ ಎದ್ದು ಒಳಗಿನಿಂದ ತಗಡಿನ ಟ್ರಂಕು ತರಿಸಿದರು. ಈ ನೆಲದಲ್ಲಿ ತಮಗೊಂದು ಜಾಗವಿದೆ ಎಂದು ಹೇಳುವ ಹಳೆಯ ಕಾಗದಗಳೆಲ್ಲ ಅದರಲ್ಲಿ ಬಟ್ಟೆಯಲ್ಲಿ ಸುತ್ತಿ ಇದ್ದವು. ಗಂಟನ್ನು ಬಿಚ್ಚಿ, ಕಂಪ್ಯೂಟರಿನ ಬಿಲ್ಲನ್ನು ಅವುಗಳ ಮೇಲಿಟ್ಟು, ಮತ್ತೆ ಗಂಟುಹಾಕಿ ಬೀಗ ಹಾಕಿದರು.