ಹಸಿರು ಚೀಟಿ

ನನ್ನ ಆಪಾ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಾಳೆ. ಕಳೆದ ದಸರಾ ರಜೆಯಲ್ಲಿ ನಾನು ಅವಳ ರೂಮಿಗೆ ಹೋಗಿದ್ದೆ. ಆ ವಾರವೇ ಅವಳು ಡೆವಲಪರ್‌ಗಳ ಸಮ್ಮೇಳನವೊಂದರಲ್ಲಿ ಮೊದಲ ಸಲ ಮಾತನಾಡುವವಳಿದ್ದಳು. ಇದ್ದದ್ದು 20 ನಿಮಿಷ, ಆದರೆ ತಯಾರಿ ಒಂದು ತಿಂಗಳದ್ದು.

ಬೆಂಗಳೂರಿಗೆ ಇಂಥ ಸಮ್ಮೇಳನ ಹೊಸದಲ್ಲ. ಪೈಥಾನ್ ಬಳಸುವವರ ‘ಪೈಕಾನ್ ಇಂಡಿಯಾ’ ಮೊದಲ ಬಾರಿ ನಡೆದದ್ದು 2009ರಲ್ಲಿ, ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ. ಇಲ್ಲೆಲ್ಲ ವೇದಿಕೆ ಹತ್ತುವವರಲ್ಲಿ ಹೆಚ್ಚಿನವರು ಭಾಷಣಕಾರರಲ್ಲ. ಹಗಲು ಕೋಡ್ ಬರೆದು, ರಾತ್ರಿ ನಿದ್ದೆಗೆಟ್ಟು ಸ್ಲೈಡ್ ಮಾಡುವವರು.

ಆಪಾಳ ವಿಷಯ: ನೆಟ್‌ವರ್ಕ್ ಕೈಕೊಟ್ಟಾಗ ಒಂದೇ ಪಾವತಿ ಎರಡು ಸಲ ಆಗದಂತೆ ತಡೆಯುವುದು ಹೇಗೆ? ಮೊದಲ 10 ನಿಮಿಷ ನನಗೆ ಒಂದಕ್ಷರ ತಿಳಿಯಲಿಲ್ಲ. ನಾನು ಕೊನೆಯ ಸಾಲಿನಲ್ಲಿದ್ದೆ. ಕಪ್ಪು ಪರದೆಯ ಮೇಲೆ ಕೋಡ್ ಇರುವೆ ಸಾಲಿನಂತೆ ಕಾಣುತ್ತಿತ್ತು. ಆಮೇಲೆ ಅವಳು ಅಬ್ಬಾನ ಅಂಗಡಿಯ ಕಥೆ ಹೇಳಿದಳು. ಗಿರಾಕಿ ಫೋನಿನಲ್ಲಿ ದುಡ್ಡು ಕಳಿಸುತ್ತಾನೆ, ಚಕ್ರ ತಿರುಗುತ್ತಲೇ ಇರುತ್ತದೆ, ಗಾಬರಿಯಾಗಿ ಮತ್ತೆ ಒತ್ತುತ್ತಾನೆ. ಪ್ರತಿ ಪಾವತಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟಿದ್ದರೆ, ಅದೇ ಸಂಖ್ಯೆ ಮತ್ತೆ ಬಂದಾಗ ಪ್ರೋಗ್ರಾಂ ಎರಡನೇ ಸಲ ದುಡ್ಡು ಕಡಿತ ಮಾಡುವುದಿಲ್ಲ; ಮೊದಲಿನ ಉತ್ತರವನ್ನೇ ಕೊಡುತ್ತದೆ. ನಮ್ಮ ವೋಚರ್ ನಂಬರ್ ಇದ್ದ ಹಾಗೆ! ಆಗ ನನಗೆ ಎಲ್ಲ ಅರ್ಥವಾಯಿತು.

ಬಾಗಿಲ ಬಳಿ ಹಸಿರು, ಹಳದಿ, ಕೆಂಪು ಚೀಟಿಗಳಿದ್ದವು. ಒಂದನ್ನು ಆರಿಸಿ, ಹಿಂಬದಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು. ನಾನು ಹಸಿರು ತೆಗೆದುಕೊಂಡು ‘ಸೂಪರ್’ ಎಂದು ಬರೆದು ಹಾಕಿದೆ.

ರಾತ್ರಿ ಆಪಾ ಚೀಟಿಗಳನ್ನು ಹಾಸಿಗೆಯ ಮೇಲೆ ಹರಡಿದಳು. ಹಸಿರೇ ಹೆಚ್ಚು. ‘ಚೆನ್ನಾಗಿತ್ತು’, ‘ಗುಡ್ ಟಾಕ್’. ಒಂದು ಕೆಂಪು ಚೀಟಿಯಲ್ಲಿ ‘ಸಮಯ ಹಾಳು’ ಎಂದಷ್ಟೇ ಇತ್ತು. ಅದನ್ನು ಅವಳು ಎಷ್ಟೋ ಹೊತ್ತು ಹಿಡಿದುಕೊಂಡಿದ್ದಳು. ಕಣ್ಣು ತುಂಬಿತ್ತು. ಕೊನೆಗೆ ಒಂದು ಹಳದಿ ಚೀಟಿ ಸಿಕ್ಕಿತು: ‘ಅಂಗಡಿಯ ಉದಾಹರಣೆ ಬಹಳ ಚೆನ್ನಾಗಿದೆ, ಅದರಿಂದಲೇ ಶುರು ಮಾಡಿ. ಹಿಂದಿನ ಸಾಲಿಗೆ ಕೋಡ್ ಕಾಣಲಿಲ್ಲ. ಅಕ್ಷರ ದೊಡ್ಡದು ಮಾಡಿ, ಹಿನ್ನೆಲೆ ಬಿಳಿ ಇರಲಿ.’

ಆಪಾ ಕಣ್ಣೊರೆಸಿಕೊಂಡು ಲ್ಯಾಪ್‌ಟಾಪ್ ತೆರೆದಳು. ನಂತರ ನನ್ನತ್ತ ತಿರುಗಿ, “ಸಚ್ ಬೋಲ್, ನೀನು ಹಿಂದೆಯೇ ಕೂತಿದ್ದೆಯಲ್ಲ, ಕಾಣಿಸಿತಾ?” ಎಂದಳು.

“ಇಲ್ಲ ಆಪಾ.”

“ಮತ್ತೆ ನನಗೇಕೆ ಹೇಳಲಿಲ್ಲ?”

“ನಿನಗೆ ಬೇಜಾರಾಗುತ್ತೆ ಅಂತ.”

“ಗೊತ್ತಿಲ್ಲದವರು ಯಾರೋ ಹೇಳಿದರು. ನನ್ನ ತಂಗಿ ಹೇಳಲಿಲ್ಲ.” ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಅಂದು ನನಗೆ ತಿಳಿಯಿತು, ನನ್ನ ಹಸಿರು ಚೀಟಿಯೂ ಆ ಕೆಂಪು ಚೀಟಿಯೂ ಒಂದೇ. ಎರಡರಿಂದಲೂ ಅವಳಿಗೆ ಉಪಯೋಗವಾಗಲಿಲ್ಲ. ನಮ್ಮ ಅಕೌಂಟೆನ್ಸಿ ಕ್ಲಾಸಿನಲ್ಲಿ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ಸರ್ ಬರೀ ‘ತಪ್ಪು’ ಎನ್ನುವುದಿಲ್ಲ. ಡೆಬಿಟ್‌ಗೆ ಹೋಗಬೇಕಾದ ಮೊತ್ತ ಕ್ರೆಡಿಟ್‌ಗೆ ಹೋದ ಸಾಲಿಗೆ ಸುತ್ತು ಹಾಕಿ ಕೊಡುತ್ತಾರೆ. ಹಳದಿ ಚೀಟಿ ಬರೆದವರೂ ಅದನ್ನೇ ಮಾಡಿದ್ದರು. ಅವರು ಆಪಾಳನ್ನು ಅಳೆಯಲಿಲ್ಲ. ತಮಗೆ ಏನು ತಿಳಿಯಿತು, ಏನು ಕಾಣಲಿಲ್ಲ, ಏನು ಬದಲಿಸಬಹುದು ಎಂದು ಮಾತ್ರ ಬರೆದರು. ಅದಕ್ಕೆ ಕೋಡಿಂಗ್ ಗೊತ್ತಿರಬೇಕಿಲ್ಲ. ಗಮನವಿಟ್ಟು ಕೇಳಿರಬೇಕು, ಅಷ್ಟೇ. ಅಷ್ಟನ್ನು ನಾನೂ ಬರೆಯಬಹುದಿತ್ತು.

ನಮ್ಮ ಕಾಲೇಜಿನ ಸೆಮಿನಾರ್‌ಗಳಲ್ಲಿಯೂ ನಾವು ಚಪ್ಪಾಳೆ ತಟ್ಟಿ, ಆಮೇಲೆ ಕ್ಯಾಂಟೀನಿನಲ್ಲಿ ನಗುತ್ತೇವೆ. ಮಾತನಾಡಿದವರಿಗೆ ಚಪ್ಪಾಳೆ ಮಾತ್ರ ಕೇಳಿಸುತ್ತದೆ.

ಮುಂದಿನ ತಿಂಗಳು ವಾಣಿಜ್ಯ ವಿಭಾಗದ ಸೆಮಿನಾರ್‌ನಲ್ಲಿ ನಾನು ಕನ್ನಡದಲ್ಲಿ ಮಾತನಾಡಲಿದ್ದೇನೆ. ಮನೆಯಲ್ಲಿ ಉರ್ದು ಮಾತನಾಡುವ ನನಗೆ ‘ಳ’ ಮತ್ತು ‘ಲ’ ಈಗಲೂ ಕೈಕೊಡುತ್ತವೆ. ಚಪ್ಪಾಳೆ ತಟ್ಟಿದರೆ ಸಂತೋಷ. ಆದರೆ ಹೊರಗೆ ಹೋಗುವಾಗ ಒಂದು ಹಳದಿ ಚೀಟಿಯನ್ನೂ ಕೊಡಿ.

– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಾಣಿಜ್ಯ ವಿಭಾಗ