ಅನಿಮಿಷರ ಅಳಲು

‘ಅನಿಮಿಷ’ ಎಂಬ ಶಬ್ದಕ್ಕೆ ಅಮರಕೋಶವು ದೇವತೆ, ಮೀನು ಎಂದು ಎರಡು ಅರ್ಥಗಳನ್ನು ಹೇಳುತ್ತದೆ. ರೆಪ್ಪೆ ಬಡಿಯದ ಕಣ್ಣು ಇಬ್ಬರಿಗೂ ಸಮಾನ ಲಕ್ಷಣ. ಸಾಮ್ಯವು ಅಲ್ಲಿಗೇ ಮುಗಿಯಿತು. ದೇವತೆಗಳಿಗೆ ಅಮೃತಪಾನ, ಮೀನಿಗಾದರೋ ಮಾನವನು ಹೊಳೆಗೆ ಸುರಿದುದರಲ್ಲಿಯೇ ವಾಸ, ಅದರಲ್ಲಿಯೇ ಉಸಿರು.

ಹೊಳೆಯ ಮೀನಿಗೆ ಪರೋಪಜೀವಿಗಳ ಕಾಟ ಹೊಸದಲ್ಲ. ಆರ್ಗ್ಯುಲಸ್ ಎಂಬ ಮೀನುಹೇನು ಚರ್ಮಕ್ಕಂಟಿ ರಕ್ತ ಹೀರುತ್ತದೆ. ಲೆರ್ನಿಯಾ ತನ್ನ ತಲೆಯನ್ನು ಲಂಗರಿನಂತೆ ಮಾಂಸದಲ್ಲಿ ನಾಟುತ್ತದೆ. ಟ್ರೈಕೊಡೈನಾ ಎಂಬ ಏಕಕೋಶಜೀವಿ ಕಿವಿರುಗಳ ಮೇಲೆ ಸಂಚರಿಸುತ್ತದೆ. ನಿರ್ಮಲ ಪ್ರವಾಹದಲ್ಲಿ ದೃಢಕಾಯವಾದ ಮೀನು ಇವನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಆಶ್ರಯವಿತ್ತ ಮೀನು ಸತ್ತರೆ ಅದನ್ನು ನಂಬಿದ ಹುಳುವಿಗೂ ಉಳಿವು ಕಷ್ಟವೇ.

ನೀರು ಕೆಟ್ಟಾಗ ಈ ಸಮತೋಲ ತಪ್ಪುತ್ತದೆ. ಕೊಳಚೆಯನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಬಿಡುತ್ತವೆ. ಅದು ಲೀಟರಿಗೆ 5 ಮಿಲಿಗ್ರಾಂಗಿಂತ ಕೆಳಗಿಳಿದರೆ ಅನೇಕ ಜಾತಿಯ ಮೀನುಗಳಿಗೆ ಸಂಕಟ. ವಿಷದ್ರವ್ಯ ಸೋಕಿದ ಕಿವಿರುಗಳಲ್ಲಿ ಲೋಳೆ ದಟ್ಟವಾಗಿ ಉಸಿರು ಕಟ್ಟುತ್ತದೆ. ಬಹುಕಾಲದ ಬವಣೆಯಿಂದ ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರಿ ರೋಗನಿರೋಧಕ ಶಕ್ತಿ ಕುಂದುತ್ತದೆ. ಆಗ ಅದೇ ಹೇನು, ಅದೇ ಏಕಕೋಶಜೀವಿ ಮಿತಿಮೀರಿ ವೃದ್ಧಿಸುತ್ತವೆ. ತೇಲುವ ಹೆಣದ ಮೇಲೆ ಹುಳುವನ್ನು ಕಂಡವರು ಹುಳುವೇ ಕೊಂದಿತೆಂದು ಹೇಳಿ ನಿಶ್ಚಿಂತರಾಗುತ್ತಾರೆ. ಹುಳುವಿಗೆ ಬಾಗಿಲು ತೆರೆದವರಾರೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಹುಳುವಿಲ್ಲದಿರುವುದೇ ಆರೋಗ್ಯವೆಂದೂ ಹೇಳಲಾಗದು. ಕೆಲವು ಹುಳುಗಳು ಮೀನನ್ನು ಸೇರುವ ಮುನ್ನ ಬಸವನಹುಳುವಿನಂತಹ ಜೀವಿಗಳಲ್ಲಿ ಬೆಳೆಯಬೇಕು. ಮಾಲಿನ್ಯದಿಂದ ಆ ಜೀವಿಗಳು ಅಳಿದರೆ ಅವೂ ಕಾಣೆಯಾಗುತ್ತವೆ. ಇನ್ನು ಜರ್ಮನಿಯ ಹೊಳೆಮೀನುಗಳ ಕರುಳಿನಲ್ಲಿರುವ ಮುಳ್ಳುತಲೆಯ ಹುಳುಗಳಲ್ಲಿ ಸೀಸದ ಪ್ರಮಾಣವು ಮೀನಿನ ಮಾಂಸದಲ್ಲಿರುವುದಕ್ಕಿಂತ ಸಾವಿರಪಟ್ಟಿಗೂ ಮೀರಿದ್ದುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಹೀಗೆ ಆರೋಪಿಯೆನಿಸಿದ ಹುಳುವೇ ನದಿಯ ಪರವಾಗಿ ಸಾಕ್ಷಿ ನುಡಿಯುತ್ತದೆ.

ಶೃಂಗೇರಿಯಲ್ಲಿ ತುಂಗೆಯ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಯಾತ್ರಿಕರು ಅವುಗಳಿಗೆ ಪುರಿ ಹಾಕಿ ಧನ್ಯರಾಗುತ್ತಾರೆ. ಅದೇ ತುಂಗೆ ಕೂಡಲಿಯಲ್ಲಿ ಭದ್ರೆಯೊಡನೆ ಬೆರೆತು ಹರಿಹರದತ್ತ ಹರಿಯುತ್ತಾಳೆ. 1980ರ ದಶಕದಲ್ಲಿ ಆ ಭಾಗದಲ್ಲಿ ಕಾರ್ಖಾನೆಯ ತ್ಯಾಜ್ಯದಿಂದ ತುಂಗಭದ್ರೆ ಕಲುಷಿತಳಾದಳು; ಮೀನುಗಳು ಸತ್ತವು; ಬೆಸ್ತರೂ ದಂಡೆಯ ಹಳ್ಳಿಗರೂ ನ್ಯಾಯಕ್ಕಾಗಿ ಹೋರಾಡಬೇಕಾಯಿತು. ಜಲಮಾಲಿನ್ಯವನ್ನು ತಡೆಯುವ ಕಾಯಿದೆ 1974ರಲ್ಲಿಯೇ ಬಂದಿತ್ತು. ನದಿ ಒಂದೇ, ಮೀನಿನ ಕುಲವೂ ಒಂದೇ. ದಯೆ ಮಾತ್ರ ಮೇಲಣ ಮಡುವಿನಲ್ಲಿಯೇ ನಿಂತುಬಿಟ್ಟಿತು.

ನದಿಯನ್ನು ಆಶ್ರಯಿಸಿ ಬಾಳುವ ಮಾನವನೂ ಒಂದರ್ಥದಲ್ಲಿ ಪರೋಪಜೀವಿಯೇ. ಆಶ್ರಯವಳಿದರೆ ತಾನೂ ಅಳಿಯುವ ಹುಳುವಿನ ಪಾಡು ಅವನಿಗೂ ತಪ್ಪಿದ್ದಲ್ಲ. ಮಡುವಿನ ಮೀನಿಗೆ ಪುರಿ ಹಾಕುವುದು ಪುಣ್ಯವಾದರೆ, ಊರ ಕೊಳಚೆಯನ್ನು ಶುದ್ಧೀಕರಿಸದೆ ಹೊಳೆಗೆ ಬಿಡದಿರುವುದು ಅದಕ್ಕಿಂತ ಮಿಗಿಲಾದ ಪುಣ್ಯ.