ಹನ್ನೆರಡು ವರ್ಷಗಳ ಹೊಣೆ

ಕಷ್ಟದಲ್ಲಿರುವವರನ್ನು ಕಂಡಾಗ ಮನಸ್ಸು ಕರಗುವುದು ಮನುಷ್ಯಸಹಜವಾದ ಗುಣ. ಆ ಕ್ಷಣದಲ್ಲಿ ಜೇಬಿಗೆ ಕೈ ಹಾಕಿ ಕೈಲಾದಷ್ಟು ಕೊಡುವವರೂ ಲೋಕದಲ್ಲಿ ಅಪರೂಪವಲ್ಲ. ಆದರೆ ಮರುದಿನ, ಮರುವಾರ, ಮರುವರ್ಷ ಅದೇ ಬಾಗಿಲಿಗೆ ಹೋಗಿ, "ಇಂದು ಏನು ಬೇಕು?" ಎಂದು ವಿಚಾರಿಸುವವರು ವಿರಳ. ಕನಿಕರವು ಹುಟ್ಟಿದಷ್ಟೇ ಬೇಗ ಆರಿಹೋಗಬಲ್ಲದು. ಅದು ಹೊಣೆಯಾಗಿ ಮಾರ್ಪಟ್ಟಾಗ ಮಾತ್ರ ನೊಂದವನ ಬಾಳಿಗೆ ಆಸರೆಯಾಗುತ್ತದೆ. ಈ ಮಾತಿಗೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟಗಾರರಾಗಿದ್ದ ಮಾರಿಸ್ ಸ್ಟೋಕ್ಸ್ ಅವರ ಜೀವನ ಒಂದು ನಿದರ್ಶನ. ಮೂವತ್ತಾರನೆಯ ವಯಸ್ಸಿನಲ್ಲಿ ಕಣ್ಮುಚ್ಚಿದ ಆ ಆಟಗಾರರನ್ನು ನೆನೆಯುವಾಗ ಅವರ ಸಹ ಆಟಗಾರ ಜ್ಯಾಕ್ ಟ್ವೈಮನ್ ಅವರನ್ನೂ ನೆನೆಯದೆ ಇರಲು ಸಾಧ್ಯವಿಲ್ಲ.

ಸ್ಟೋಕ್ಸ್ ಅವರು 1933ರ ಜೂನ್ 17ರಂದು ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ನಗರದ ಸಮೀಪದಲ್ಲಿರುವ ರ‍್ಯಾಂಕಿನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಉಕ್ಕಿನ ಕಾರ್ಖಾನೆಯಲ್ಲಿ ಕಾರ್ಮಿಕರು. ತಾಯಿ ಅನ್ಯರ ಮನೆಗಳಲ್ಲಿ ಕೆಲಸ ಮಾಡುತ್ತಿದ್ದವರು. ಕಪ್ಪು ಜನಾಂಗಕ್ಕೆ ಸೇರಿದ ಆ ಶ್ರಮಜೀವಿ ಕುಟುಂಬದ ಮಗ ಲೊರೆಟ್ಟೊ ಎಂಬ ಚಿಕ್ಕ ಊರಿನ ಸೇಂಟ್ ಫ್ರಾನ್ಸಿಸ್ ಕಾಲೇಜನ್ನು ಸೇರಿದರು. 1955ರಲ್ಲಿ ನ್ಯೂಯಾರ್ಕ್ ನಗರದಲ್ಲಿ ನಡೆದ ಪ್ರತಿಷ್ಠಿತ ಕಾಲೇಜು ಪಂದ್ಯಾವಳಿಯಲ್ಲಿ ಅವರ ತಂಡ ಗಳಿಸಿದ್ದು ನಾಲ್ಕನೆಯ ಸ್ಥಾನ. ಆದರೂ ಪಂದ್ಯಾವಳಿಯ ಶ್ರೇಷ್ಠ ಆಟಗಾರನೆಂಬ ಗೌರವ ಸ್ಟೋಕ್ಸ್ ಅವರ ಪಾಲಿಗೆ ಬಂದಿತು. ಸೋತ ತಂಡದ ಆಟಗಾರನಿಗೆ ಇಂಥ ಮನ್ನಣೆ ದೊರೆಯುವುದು ಸಾಮಾನ್ಯ ಸಂಗತಿಯಲ್ಲ.

ಅದೇ ವರ್ಷ ಎನ್‌ಬಿಎ ಎಂದು ಹೆಸರಾದ ವೃತ್ತಿಪರ ಲೀಗಿನ ರೋಚೆಸ್ಟರ್ ರಾಯಲ್ಸ್ ತಂಡ ಅವರನ್ನು ಆರಿಸಿಕೊಂಡಿತು. ಆರು ಅಡಿ ಏಳು ಅಂಗುಲ ಎತ್ತರದ ದೃಢಕಾಯದ ಈ ಯುವಕ ಬಲಶಾಲಿಯೂ ಹೌದು, ಚುರುಕಾದ ಆಟಗಾರನೂ ಹೌದು. ಬುಟ್ಟಿಗೆ ಬೀಳದೆ ಪುಟಿದು ಬರುವ ಚೆಂಡನ್ನು ಎದುರಾಳಿಗಳ ನಡುವೆ ಜಿಗಿದು ಹಿಡಿಯುವುದಕ್ಕೆ ರಿಬೌಂಡ್ ಎನ್ನುತ್ತಾರೆ. ಅದರಲ್ಲಿ ಸ್ಟೋಕ್ಸ್ ಅವರದು ಎತ್ತಿದ ಕೈ. ಮೊದಲ ವರ್ಷವೇ ಲೀಗಿನ ಶ್ರೇಷ್ಠ ಹೊಸ ಆಟಗಾರನೆಂಬ ಪ್ರಶಸ್ತಿ ಅವರಿಗೆ ಸಂದಿತು. 1956–57ರಲ್ಲಿ 1,256 ರಿಬೌಂಡ್‌ಗಳನ್ನು ಗಳಿಸಿ ಅಂದಿನ ದಾಖಲೆಯನ್ನೇ ಮುರಿದರು. 1957ರಲ್ಲಿ ತಂಡವು ಒಹಾಯೊ ರಾಜ್ಯದ ಸಿನ್ಸಿನಾಟಿ ನಗರಕ್ಕೆ ಸ್ಥಳಾಂತರಗೊಂಡಿತು. ಆಡಿದ ಮೂರು ವರ್ಷಗಳಲ್ಲಿಯೂ ಸ್ಟೋಕ್ಸ್ ಅವರು ಲೀಗಿನ ಆಯ್ದ ಶ್ರೇಷ್ಠ ಆಟಗಾರರ ಪಂದ್ಯಕ್ಕೆ ಆಯ್ಕೆಯಾಗಿದ್ದರು. ಇಪ್ಪತ್ತನಾಲ್ಕರ ಹರೆಯದಲ್ಲಿ ಕೀರ್ತಿಯ ಬಾಗಿಲು ಅವರೆದುರು ಪೂರ್ಣವಾಗಿ ತೆರೆದಿತ್ತು.

1958ರ ಮಾರ್ಚ್ 12ರಂದು ಮಿನಿಯಾಪೊಲಿಸ್ ನಗರದಲ್ಲಿ ಆ ಋತುವಿನ ಕೊನೆಯ ಲೀಗ್ ಪಂದ್ಯ. ಚೆಂಡಿನೊಂದಿಗೆ ಬುಟ್ಟಿಯತ್ತ ಮುನ್ನುಗ್ಗಿದ ಸ್ಟೋಕ್ಸ್ ಅವರು ಎದುರಾಳಿಯ ಮೈ ತಾಗಿ ಆಯತಪ್ಪಿ ಬಿದ್ದರು. ತಲೆ ನೆಲಕ್ಕೆ ಬಲವಾಗಿ ಬಡಿಯಿತು. ಕೆಲವು ನಿಮಿಷ ಅವರಿಗೆ ಪ್ರಜ್ಞೆಯೇ ಇರಲಿಲ್ಲ. ಘಾಟಿನ ಔಷಧಿಯನ್ನು ಮೂಗಿಗೆ ಹಿಡಿದು ಎಚ್ಚರಿಸಲಾಯಿತು. ಎಚ್ಚೆತ್ತವರು ಮತ್ತೆ ಅಂಗಣಕ್ಕಿಳಿದು ಆಟ ಮುಂದುವರಿಸಿದರು. ತಲೆಯ ಪೆಟ್ಟನ್ನು ಕಡೆಗಣಿಸುವುದು ಅಂದಿನ ವಾಡಿಕೆಯಾಗಿತ್ತು. ನೋವನ್ನು ನುಂಗಿ ಆಡುವುದೇ ಗಂಡಸುತನವೆಂದು ಎಲ್ಲರೂ ತಿಳಿದಿದ್ದರು. ಇಂಥ ಪೆಟ್ಟು ಬಿದ್ದ ಆಟಗಾರನನ್ನು ಪರೀಕ್ಷೆಯಿಲ್ಲದೆ ಮತ್ತೆ ಆಡಿಸಬಾರದೆಂಬ ವಿಧಿವತ್ತಾದ ನಿಯಮಾವಳಿ ಆ ಲೀಗಿನಲ್ಲಿ ರೂಪುಗೊಂಡದ್ದು 2011ರಲ್ಲಿ.

ಮೂರು ದಿನಗಳ ಬಳಿಕ, ಮಾರ್ಚ್ 15ರಂದು, ಡೆಟ್ರಾಯಿಟ್‌ನಲ್ಲಿ ನಡೆದ ಪಂದ್ಯದಲ್ಲಿಯೂ ಸ್ಟೋಕ್ಸ್ ಅವರು ಆಡಿದರು. 12 ಅಂಕಗಳನ್ನೂ 15 ರಿಬೌಂಡ್‌ಗಳನ್ನೂ ಗಳಿಸಿದರು. ಸಿನ್ಸಿನಾಟಿಗೆ ಮರಳುವ ವಿಮಾನದಲ್ಲಿ ಅವರ ಆರೋಗ್ಯ ತೀವ್ರವಾಗಿ ಕೆಟ್ಟಿತು. ಸಾವು ಹತ್ತಿರ ಬಂದಂತಿದೆಯೆಂದು ಜೊತೆಯವರಿಗೆ ಹೇಳಿದರು. ಸೆಳವು ಬಂದು ಪ್ರಜ್ಞೆ ತಪ್ಪಿತು. ವಿಮಾನ ಇಳಿದೊಡನೆ ಆಸ್ಪತ್ರೆಗೆ ಸೇರಿಸಲಾಯಿತು. ತಲೆಗೆ ಬಿದ್ದ ಪೆಟ್ಟಿನಿಂದ ಮಿದುಳಿಗೆ ಹಾನಿಯಾಗಿದೆಯೆಂದು ವೈದ್ಯರು ನಿರ್ಣಯಿಸಿದರು. ಪ್ರಜ್ಞೆ ಮರಳಿದಾಗ ಬುದ್ಧಿ ಮೊದಲಿನಂತೆಯೇ ತಿಳಿಯಾಗಿತ್ತು. ಆದರೆ ಕೈಕಾಲುಗಳು ಚಲಿಸಲಿಲ್ಲ, ನಾಲಿಗೆ ಮಾತನಾಡಲಿಲ್ಲ. ಎಲ್ಲವನ್ನೂ ಕೇಳುತ್ತ, ಎಲ್ಲವನ್ನೂ ಅರಿಯುತ್ತ, ಒಂದು ಬೆರಳನ್ನೂ ಎತ್ತಲಾಗದ ಸ್ಥಿತಿ. ಸ್ವಲ್ಪ ಕಾಲದ ಹಿಂದೆ ಸಾವಿರಾರು ಜನರ ಕರತಾಡನ ಕೇಳಿದ್ದ ಕಿವಿಗಳಿಗೆ ಈಗ ಆಸ್ಪತ್ರೆಯ ಕೋಣೆಯ ಮೌನವೇ ಜೊತೆಯಾಯಿತು.

ಇಲ್ಲಿಂದ ಮುಂದೆ ಎದುರಾದದ್ದು ಲೆಕ್ಕದ ಪ್ರಶ್ನೆ. ದೀರ್ಘಕಾಲದ ಚಿಕಿತ್ಸೆಗೆ ಹಣವೆಲ್ಲಿಂದ ಬರಬೇಕು? ಅಂದಿನ ಆಟಗಾರರಿಗೆ ಇಂದಿನಂಥ ಭಾರೀ ಸಂಭಾವನೆ ಇರಲಿಲ್ಲ. ನಿವೃತ್ತಿವೇತನದ ಏರ್ಪಾಡೂ ಇರಲಿಲ್ಲ. ಋತು ಮುಗಿದೊಡನೆ ಸಂಬಳವೂ ನಿಂತಿತು. ಸ್ಟೋಕ್ಸ್ ಅವಿವಾಹಿತರು. ತಂದೆತಾಯಿಯರು ದೂರದ ಪಿಟ್ಸ್‌ಬರ್ಗ್‌ನಲ್ಲಿ. ಇಂಥ ವೆಚ್ಚವನ್ನು ಭರಿಸುವ ಶಕ್ತಿ ಅವರಿಗಿರಲಿಲ್ಲ. ಬ್ಯಾಂಕಿನಲ್ಲಿದ್ದ ಅಲ್ಪ ಉಳಿತಾಯವನ್ನು ತೆಗೆಯೋಣವೆಂದರೆ ರುಜು ಹಾಕುವ ಕೈಯೇ ನಿಶ್ಚಲವಾಗಿತ್ತು. ಸ್ವಂತ ಹಣವಿದ್ದೂ ಅದು ತನಗೆ ಒದಗದ ಪರಿಸ್ಥಿತಿ. ಸಹ ಆಟಗಾರರು ಮರುಗಿದರು, ಬಂದು ನೋಡಿದರು. ಆದರೆ ಋತು ಮುಗಿದ ಮೇಲೆ ಅವರೆಲ್ಲ ತಮ್ಮ ತಮ್ಮ ಊರುಗಳಿಗೆ ಹೊರಡಬೇಕಾಯಿತು.

ಸಿನ್ಸಿನಾಟಿಯಲ್ಲಿಯೇ ಮನೆ ಮಾಡಿಕೊಂಡಿದ್ದವರು ಜ್ಯಾಕ್ ಟ್ವೈಮನ್. 1934ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿದ ಬಿಳಿಯ ಜನಾಂಗದ ಯುವಕ. ಸ್ಟೋಕ್ಸ್ ಅವರೊಂದಿಗೇ 1955ರಲ್ಲಿ ತಂಡವನ್ನು ಸೇರಿದವರು. ಆಟವಿಲ್ಲದ ತಿಂಗಳುಗಳಲ್ಲಿ ವಿಮಾ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ಆಗ ಅವರ ವಯಸ್ಸು ಕೇವಲ ಇಪ್ಪತ್ಮೂರು. ಸ್ಟೋಕ್ಸ್ ಅವರ ರಕ್ತಸಂಬಂಧಿಯೂ ಅಲ್ಲ, ಋಣಿಯೂ ಅಲ್ಲ. ಆದರೂ ಅವರು ನ್ಯಾಯಾಲಯದ ಮೂಲಕ ಸ್ಟೋಕ್ಸ್ ಅವರ ಕಾನೂನುಬದ್ಧ ಪಾಲಕರಾದರು. ಬಣ್ಣದ ಭೇದ ಅಮೆರಿಕದ ಸಮಾಜವನ್ನು ಸೀಳಿದ್ದ ಕಾಲವದು. ಸಾರ್ವಜನಿಕ ಸ್ಥಳಗಳಲ್ಲಿ ಆ ಭೇದವನ್ನು ನಿಷೇಧಿಸಿದ ನಾಗರಿಕ ಹಕ್ಕುಗಳ ಕಾಯಿದೆ ಬಂದದ್ದು ಆರು ವರ್ಷಗಳ ಬಳಿಕ, 1964ರಲ್ಲಿ. ಯಾಕೆ ಈ ಭಾರ ಹೊತ್ತಿರೆಂದು ಮುಂದೆ ಕೇಳಿದವರಿಗೆ ಟ್ವೈಮನ್ ಅವರು ಕೊಡುತ್ತಿದ್ದ ಉತ್ತರ ಸರಳವಾಗಿತ್ತು: ಯಾರಾದರೂ ಮಾಡಲೇಬೇಕಾದ ಕೆಲಸ ಅದು, ಆಗ ಅಲ್ಲಿದ್ದವನು ತಾನು.

ಈ ಉತ್ತರದಲ್ಲಿ ತ್ಯಾಗದ ಹೆಮ್ಮೆಯಿಲ್ಲ. ಕರ್ತವ್ಯವನ್ನು ಹುಡುಕಿಕೊಂಡು ಹೋದೆನೆಂಬ ಭಾವವೂ ಇಲ್ಲ. ಎದುರಿಗೆ ಬಂದದ್ದನ್ನು ಬದಿಗೆ ಸರಿಸಲಿಲ್ಲ, ಅಷ್ಟೆ.

ಪಾಲಕನೆಂಬುದು ಗೌರವದ ಬಿರುದಲ್ಲ. ಅನ್ಯನ ಹಣವನ್ನು ಅನ್ಯನ ಹಣವೆಂದೇ ಕಾಣುವುದು, ಬಂದದ್ದಕ್ಕೂ ಹೋದದ್ದಕ್ಕೂ ಲೆಕ್ಕವಿಡುವುದು, ವೈದ್ಯರೊಡನೆ, ವಕೀಲರೊಡನೆ, ಸರ್ಕಾರಿ ಕಚೇರಿಗಳೊಡನೆ ವ್ಯವಹರಿಸುವುದು, ಇವೆಲ್ಲವೂ ಅದರಲ್ಲಿ ಸೇರಿವೆ. ಟ್ವೈಮನ್ ಅವರು ಮೊದಲು ಮಾಡಿದ ಮುಖ್ಯ ಕೆಲಸಗಳಲ್ಲಿ ಒಂದು ಒಹಾಯೊ ರಾಜ್ಯದ ಕಾರ್ಮಿಕ ಪರಿಹಾರ ನಿಧಿಯಿಂದ ನೆರವು ಕೋರಿದ್ದು. ಆಟಗಾರನೂ ದುಡಿಮೆಗಾರನೇ, ಅಂಗಣದಲ್ಲಿ ಬಿದ್ದ ಪೆಟ್ಟು ದುಡಿಮೆಯಲ್ಲಿ ಬಿದ್ದ ಪೆಟ್ಟೇ ಎಂಬುದು ಆ ಬೇಡಿಕೆಯ ತಿರುಳು. ಬೇಡಿಕೆ ಪುರಸ್ಕೃತವಾಯಿತು. ಭಿಕ್ಷೆಯಾಗಿ ಬರಬಹುದಾಗಿದ್ದ ಹಣ ಹಕ್ಕಾಗಿ ಬಂದಿತು. ಕೊಡುವವನಿಗೆ ಈ ವ್ಯತ್ಯಾಸ ಸಣ್ಣದೆಂದು ತೋರಬಹುದು. ಪಡೆಯುವವನ ಆತ್ಮಗೌರವಕ್ಕೆ ಅದು ಬಹು ದೊಡ್ಡದು.

ಅಷ್ಟರಿಂದ ವೆಚ್ಚ ತುಂಬಲಿಲ್ಲ. ಆದಕಾರಣ ಸಹಾಯಾರ್ಥ ಪಂದ್ಯಗಳು ಏರ್ಪಟ್ಟವು. ನ್ಯೂಯಾರ್ಕ್ ರಾಜ್ಯದ ಮಾಂಟಿಸೆಲೊದಲ್ಲಿದ್ದ ಕುಟ್ಶರ್ಸ್ ಎಂಬ ವಿಹಾರಗೃಹದಲ್ಲಿ ಬೇಸಿಗೆಯಲ್ಲಿ ನಡೆಯುತ್ತಿದ್ದ ಪಂದ್ಯಕ್ಕೆ ವಿಲ್ಟ್ ಚೇಂಬರ್ಲಿನ್ ಅವರಂಥ ಮಹಾನ್ ಆಟಗಾರರೂ ಸಂಭಾವನೆಯಿಲ್ಲದೆ ಬಂದು ಆಡುತ್ತಿದ್ದರು. ವರ್ಷವಿಡೀ ಪರಸ್ಪರ ಸೆಣಸುವವರು ಆ ಒಂದು ದಿನ ಹಾಸಿಗೆ ಹಿಡಿದ ಒಬ್ಬ ಗೆಳೆಯನಿಗಾಗಿ ಒಂದುಗೂಡುತ್ತಿದ್ದರು. ಸ್ಟೋಕ್ಸ್ ಅವರ ಮರಣಾನಂತರವೂ ಆ ಪಂದ್ಯ ನಿಲ್ಲದೆ, ಕಷ್ಟಕ್ಕೆ ಸಿಲುಕಿದ ಇತರ ಹಳೆಯ ಆಟಗಾರರಿಗೆ ಆಸರೆಯಾಯಿತು.

ಹಣದ ವ್ಯವಸ್ಥೆ ಒಂದು ಕಡೆಯಾದರೆ, ಮಾತಿಲ್ಲದವನ ಮನಸ್ಸನ್ನು ತಿಳಿಯುವುದು ಇನ್ನೊಂದು ಕಡೆ. ಟ್ವೈಮನ್ ಅವರು ಹಾಸಿಗೆಯ ಪಕ್ಕದಲ್ಲಿ ಕುಳಿತು ಇಂಗ್ಲಿಷ್ ವರ್ಣಮಾಲೆಯ ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ಬೇಕಾದ ಅಕ್ಷರ ಬಂದಾಗ ಸ್ಟೋಕ್ಸ್ ಅವರು ಕಣ್ಣು ಮಿಟುಕಿಸುತ್ತಿದ್ದರು. ಹೀಗೆ ಅಕ್ಷರಕ್ಕೆ ಅಕ್ಷರ ಕೂಡಿ ಪದವಾಗಬೇಕು, ಪದಕ್ಕೆ ಪದ ಕೂಡಿ ವಾಕ್ಯವಾಗಬೇಕು. ಒಂದು ವಾಕ್ಯಕ್ಕೆ ಎಷ್ಟು ಹೊತ್ತು ಹಿಡಿದಿರಬಹುದೆಂದು ಓದುಗರು ಊಹಿಸಬಹುದು. ಹಣ ಕೊಟ್ಟು ಬಿಡುಗಡೆ ಹೊಂದುವುದು ಸುಲಭ. ಹೀಗೆ ಕಾಲವನ್ನು ಕೊಡುವುದು ಕಷ್ಟ.

ಸ್ಟೋಕ್ಸ್ ಅವರೂ ಕೇವಲ ಸೇವೆ ಪಡೆಯುತ್ತ ಮಲಗಿದವರಲ್ಲ. ವರ್ಷಗಳ ಕಾಲ ನೋವಿನ ವ್ಯಾಯಾಮಚಿಕಿತ್ಸೆಯನ್ನು ಸಹಿಸಿ, ಅಂಗಾಂಗಗಳ ಚಲನೆಯನ್ನು ಸ್ವಲ್ಪ ಸ್ವಲ್ಪವಾಗಿ ಮರಳಿ ಗಳಿಸಿದರು. ಕೆಲವು ಮಾತುಗಳನ್ನು ಆಡುವಷ್ಟಾದರು. ಬೆರಳುಗಳಿಗೆ ಶಕ್ತಿ ಬಂದಾಗ ಟೈಪ್‌ರೈಟರ್ ಮೇಲೆ ಟ್ವೈಮನ್ ಅವರಿಗೆ ಕೃತಜ್ಞತೆಯ ಪತ್ರವನ್ನು ಮೂಡಿಸಿದರು. ತಮ್ಮ ಮನಸ್ಸು ಕುಗ್ಗಿದ ದಿನಗಳಲ್ಲಿ ಆಸ್ಪತ್ರೆಗೆ ಹೋದರೆ ಸ್ಟೋಕ್ಸ್ ಅವರೇ ತಮಗೆ ಉತ್ಸಾಹ ತುಂಬಿ ಕಳುಹಿಸುತ್ತಿದ್ದರೆಂದು ಟ್ವೈಮನ್ ಅವರು ಸ್ಮರಿಸಿದ್ದಾರೆ. ಕೊಡುವವನು ಯಾರು, ಪಡೆಯುವವನು ಯಾರು ಎಂಬ ಗೆರೆ ಅಲ್ಲಿ ಅಳಿಸಿಹೋಗಿತ್ತು.

ಈ ಅವಧಿಯಲ್ಲಿ ಟ್ವೈಮನ್ ಅವರ ಸ್ವಂತ ಬಾಳು ನಿಂತಿರಲಿಲ್ಲ. ಸಂಸಾರ ಬೆಳೆಯಿತು, ಪತ್ನಿಯೂ ಈ ಹೊಣೆಯಲ್ಲಿ ಹೆಗಲು ಕೊಟ್ಟರು. 1959–60ರ ಋತುವಿನಲ್ಲಿ ಅವರು ಪಂದ್ಯವೊಂದಕ್ಕೆ ಸರಾಸರಿ 31.2 ಅಂಕ ಗಳಿಸಿದರು. 1966ರಲ್ಲಿ ಆಟದಿಂದ ನಿವೃತ್ತರಾದರು. ಆಟ ಮುಗಿಯಿತು, ತಂಡದ ನಂಟು ಮುಗಿಯಿತು; ಪಾಲಕನ ಕೆಲಸ ಮುಗಿಯಲಿಲ್ಲ. 1970ರ ಏಪ್ರಿಲ್ 6ರಂದು ಸ್ಟೋಕ್ಸ್ ಅವರು ಹೃದಯಾಘಾತದಿಂದ ಸಿನ್ಸಿನಾಟಿಯ ಆಸ್ಪತ್ರೆಯಲ್ಲಿ ನಿಧನರಾದರು. ಅವರ ಇಚ್ಛೆಯಂತೆ ದೇಹವನ್ನು ಲೊರೆಟ್ಟೊದ ಕಾಲೇಜಿನ ಆವರಣದಲ್ಲಿ ಸಮಾಧಿ ಮಾಡಲಾಯಿತು. ಅಂಗಣದಲ್ಲಿ ಆಡಿದ್ದು ಮೂರು ವರ್ಷ. ಹಾಸಿಗೆಯಲ್ಲಿ ಹೋರಾಡಿದ್ದು ಹನ್ನೆರಡು ವರ್ಷ.

ಇಷ್ಟನ್ನು ಓದಿ ಟ್ವೈಮನ್ ಅವರನ್ನು ಕೊಂಡಾಡಿ ಸುಮ್ಮನಾಗುವುದು ಸುಲಭ. ಆದರೆ ವಿವೇಕಿಗಳು ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು: ಆ ಊರಿನಲ್ಲಿ ಅಂಥ ಒಬ್ಬ ಗೆಳೆಯ ಇಲ್ಲದಿದ್ದರೆ ಸ್ಟೋಕ್ಸ್ ಅವರ ಗತಿಯೇನಾಗುತ್ತಿತ್ತು? ಒಬ್ಬ ಸಜ್ಜನನ ಒಳ್ಳೆಯತನವು ಇಡೀ ವ್ಯವಸ್ಥೆಯ ಲೋಪವನ್ನು ಮುಚ್ಚುವ ಹೊದಿಕೆಯಾಗಬಾರದು. 1964ರ ಜನವರಿಯಲ್ಲಿ ಬೋಸ್ಟನ್ ನಗರದಲ್ಲಿ ಶ್ರೇಷ್ಠ ಆಟಗಾರರ ಪಂದ್ಯ ಆರಂಭವಾಗುವ ಮುನ್ನ, ನಿವೃತ್ತಿವೇತನದ ಭರವಸೆ ದೊರೆಯುವವರೆಗೆ ಅಂಗಣಕ್ಕೆ ಇಳಿಯುವುದಿಲ್ಲವೆಂದು ಆಟಗಾರರು ಪಟ್ಟು ಹಿಡಿದರು. ಭರವಸೆ ಪಡೆದ ಮೇಲೆಯೇ ಆಡಿದರು. ದುಡಿಸಿಕೊಳ್ಳುವ ಸಂಸ್ಥೆ ದುಡಿಯುವವನ ಕಷ್ಟಕಾಲಕ್ಕೆ ಮೊದಲೇ ಏರ್ಪಾಡು ಮಾಡಿರಬೇಕೆಂಬುದು ಅಂಗಡಿಗೂ ಅನ್ವಯಿಸುತ್ತದೆ, ಕಾರ್ಖಾನೆಗೂ ಅನ್ವಯಿಸುತ್ತದೆ, ಧರ್ಮಸಂಸ್ಥೆಗೂ ಅನ್ವಯಿಸುತ್ತದೆ. ಬಿದ್ದವನನ್ನು ಎತ್ತಲು ಪುಣ್ಯವಂತನೊಬ್ಬ ಬರಲಿ ಎಂದು ಕಾಯುವುದು ಆಡಳಿತವಲ್ಲ.

ಟ್ವೈಮನ್ ಅವರು ಮುಂದೆ ದಿನಸಿಯ ಸಗಟು ವ್ಯಾಪಾರದ ದೊಡ್ಡ ಸಂಸ್ಥೆಯೊಂದರ ಮುಖ್ಯಸ್ಥರಾಗಿ ಯಶಸ್ವಿಯಾದರು. 1983ರಲ್ಲಿ ಬ್ಯಾಸ್ಕೆಟ್‌ಬಾಲ್ ಕ್ರೀಡೆಯ ಕೀರ್ತಿಶಾಲಿಗಳ ಪಟ್ಟಿಗೆ ಅವರ ಹೆಸರು ಸೇರಿತು. ಸ್ಟೋಕ್ಸ್ ಅವರ ಹೆಸರು ಆ ಪಟ್ಟಿಯನ್ನು ಸೇರಿದ್ದು 2004ರಲ್ಲಿ, ಅವರು ತೀರಿಕೊಂಡ ಮೂವತ್ತನಾಲ್ಕು ವರ್ಷಗಳ ಮೇಲೆ. ಆ ಗೌರವವನ್ನು ಗೆಳೆಯನ ಪರವಾಗಿ ಸ್ವೀಕರಿಸಲು ವೇದಿಕೆಯನ್ನೇರಿದವರು ಎಪ್ಪತ್ತರ ಹರೆಯದ ಟ್ವೈಮನ್. ಇಪ್ಪತ್ಮೂರರಲ್ಲಿ ಗೆಳೆಯನ ಪರವಾಗಿ ರುಜು ಹಾಕಲು ಆರಂಭಿಸಿದ ಕೈ, ಎಪ್ಪತ್ತರಲ್ಲಿ ಗೆಳೆಯನ ಪರವಾಗಿ ಗೌರವವನ್ನು ಸ್ವೀಕರಿಸಿತು. 2012ರ ಮೇ 30ರಂದು ಅವರೂ ತೀರಿಕೊಂಡರು. ಮರುವರ್ಷದಿಂದ ಎನ್‌ಬಿಎ ಪ್ರತಿವರ್ಷ ಉತ್ತಮ ಸಹ ಆಟಗಾರನೊಬ್ಬನಿಗೆ ಕೊಡುತ್ತಿರುವ ಪ್ರಶಸ್ತಿಗೆ ಇವರಿಬ್ಬರ ಹೆಸರನ್ನೂ ಜೋಡಿಸಲಾಗಿದೆ.

ದಾಖಲೆಗಳು ಮುರಿಯುತ್ತವೆ, ಸ್ಟೋಕ್ಸ್ ಅವರ 1,256 ರಿಬೌಂಡ್‌ಗಳ ದಾಖಲೆಯನ್ನೂ ಅನ್ಯರು ಮೀರಿದರು. ಒಬ್ಬ ಮನುಷ್ಯ ಇನ್ನೊಬ್ಬನ ಹಾಸಿಗೆಯ ಪಕ್ಕದಲ್ಲಿ ಅಕ್ಷರಗಳನ್ನು ಹೇಳುತ್ತ ಕುಳಿತ ಗಂಟೆಗಳಿಗೆ ಯಾವ ಪುಸ್ತಕದಲ್ಲಿಯೂ ಜಮಾ ಇಲ್ಲ. ಪ್ರತಿ ಊರಿನಲ್ಲಿಯೂ, ಪ್ರತಿ ಬೀದಿಯಲ್ಲಿಯೂ ಮಾತು ನಿಂತ, ಕೈ ಸೋತ, ಬಂಧುಗಳು ದೂರವಾದ ಒಬ್ಬರಾದರೂ ಇರುತ್ತಾರೆ. ಅವರಿಗೆ ಒಮ್ಮೆ ಹಣ್ಣು ಕೊಟ್ಟು ಬರುವವರು ಹಲವರು. ಬರುವ ತಿಂಗಳೂ ಹೋಗುವವರು ಯಾರೆಂಬುದೇ ಉಳಿಯುವ ಪ್ರಶ್ನೆ.